ಭಾರದ ಕಡೆ

ಸುತ್ತಕ್ಕನ ಕೈಗೆ ಕೆಲಸ ಕೊಟ್ಟವರು ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದು ಆ ಬೀದಿಯಲ್ಲಿ ಒಂದು ಮಾತಿತ್ತು. ಸುಟ್ಟ ಫ್ಯಾನು, ನೀರೆತ್ತುವ ಮೋಟಾರು, ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರ್, ಹೊಟ್ಟೆಯಲ್ಲಿ ತಾಮ್ರದ ತಂತಿ ತುಂಬಿಕೊಂಡಿರುವ ಏನೇ ಇರಲಿ, ಕರಕಲಾದ ತಂತಿ ಕಿತ್ತು ಹೊಸ ತಂತಿ ಸುತ್ತಿ ಕೊಡುವುದು ಅವಳ ಕಸುಬು. ಅಪ್ಪನಿಂದ ಬಂದದ್ದು. ಅವಳಿಗೂ ಎಲ್ಲರಂತೆ ಒಂದು ಹೆಸರಿತ್ತು. ಮೂವತ್ತು ವರ್ಷ ಸುತ್ತಿ ಸುತ್ತಿ ಅದು ಎಲ್ಲೋ ಸವೆದುಹೋಗಿ, ಬ್ಯಾಂಕಿನವರೊಬ್ಬರನ್ನು ಬಿಟ್ಟರೆ ಮಿಕ್ಕವರಿಗೆಲ್ಲ ಅವಳು ಸುತ್ತಕ್ಕ. ತಂತಿ ಸುತ್ತುವವಳೇ ಹೊರತು ಸುತ್ತಿ ಬಳಸಿ ಮಾತಾಡುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ಮಧ್ಯಾಹ್ನ ಒಂದು ನೇರ ಮಾತು ಅವಳ ಬಾಯಿಗೆ ಬರಲು ಎರಡು ಗಂಟೆ ಹಿಡಿಯಿತು.

ಎರಡು ಹೊಡೆಯುವ ಹೊತ್ತಿಗೆ ಅಂಗಡಿಯ ಮುಂದೆ ಒಂದು ಬಾಡಿಗೆ ಗಾಡಿ ನಿಂತಿತು. ತಮ್ಮನ ಹೆಂಡತಿ ಇಳಿದಳು. ಅವಳೂ ಚಾಲಕನೂ ಸೇರಿ ಗಿಟಾರಿನ ಹಳೇ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಇಳಿಸಿದರು. ಗಾಜಿನ ವಾಲ್ವ್ ಹಾಕುವ ಕಾಲದ್ದು, ಐವತ್ತು ವರ್ಷಕ್ಕೆ ಕಡಿಮೆ ಇಲ್ಲ. ಇಬ್ಬರು ಹಿಡಿದರೂ ಪೆಟ್ಟಿಗೆ ಒಂದೇ ಕಡೆಗೆ ವಾಲುತ್ತಿತ್ತು. ಟ್ರಾನ್ಸ್‌ಫಾರ್ಮರ್ ಕೂತಿರುವುದು ಎಡಗಡೆ, ಇಡೀ ಪೆಟ್ಟಿಗೆಯ ಅರ್ಧ ತೂಕ ಅದರದೇ. ಚಾಲಕ ಬುದ್ಧಿವಂತ, ಬಲಗಡೆ ಹಿಡಿದಿದ್ದ. ಭಾರದ ಕಡೆ ನಾದಿನಿಯ ಕೈಯಲ್ಲಿತ್ತು.

“ಅಯ್ಯೋ, ಆ ಕಡೆ ನೀನ್ಯಾಕೆ ಹಿಡಿದೆ? ಕರೀಬಾರದಿತ್ತಾ?” ಎನ್ನುತ್ತ ಸುತ್ತಕ್ಕ ಓಡಿಬಂದು ಕೈಕೊಟ್ಟಳು.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಬೆಳಿಗ್ಗೆ ನೀವು ಆಸ್ಪತ್ರೇಲಿ ಅವರನ್ನ ನೋಡಿ ಹೋದ್ಮೇಲೆ ಡಾಕ್ಟ್ರು ಬಂದಿದ್ರು ಅತ್ತಿಗೆ. ಎಡಗೈಯ ಎರಡು ಬೆರಳು ಮಡಚೋಕಾಗುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲವಂತೆ.”

ಎಡಗೈ ಎಂದರೆ ತಮ್ಮ ಗಿಟಾರಿನ ತಂತಿ ಒತ್ತುವ ಕೈ.

ಎಂಟು ದಿನದ ಹಿಂದೆ ನಡೆದದ್ದು ಇಷ್ಟು. ಹಾಲ್ ತುಂಬ ಜನ. ತಮ್ಮ ವೇದಿಕೆಯ ಮೇಲೆ ಗಿಟಾರ್ ನುಡಿಸುತ್ತಿದ್ದ. ಎಡಗೈ ತಂತಿಯ ಮೇಲೆ, ಬಲಗೈಯಿಂದ ಮೈಕು ಹತ್ತಿರಕ್ಕೆ ಎಳೆದುಕೊಳ್ಳಲು ಹೋದ. ಹಿಡಿದ ಕೈ ಬಿಡಲಾಗಲಿಲ್ಲ. ಕರೆಂಟು ಒಂದು ಕೈಯಿಂದ ಹೊಕ್ಕು ಇನ್ನೊಂದರಿಂದ ಹೋಗುತ್ತಿತ್ತು. ಜನ ಅದೂ ಒಂದು ಕುಣಿತ ಎಂದುಕೊಂಡು ಚಪ್ಪಾಳೆ ಹೊಡೆದರಂತೆ, ಅವರ ಬಾಯಿಗೆ ಮಣ್ಣು ಹಾಕ! ಹಾಲ್‌ನ ವೈರ್‌ಮನ್ ಓಡಿಹೋಗಿ ಮೇನ್ ಸ್ವಿಚ್ ಇಳಿಸದಿದ್ದರೆ ಇವತ್ತು ತಮ್ಮ ಫೋಟೋದಲ್ಲಿರುತ್ತಿದ್ದ. ಬೀಳುವಾಗ ಪೆಟ್ಟಿಗೆಯನ್ನೂ ಉರುಳಿಸಿಕೊಂಡೇ ಬಿದ್ದ. ಒಂದು ಮೂಲೆ ಜಜ್ಜಿಹೋಗಿತ್ತು.

“ಇಷ್ಟು ದಿನ ಹಾಲ್‌ನವರು ಬೀಗ ಹಾಕಿಟ್ಟಿದ್ರು. ಇವತ್ತು ಕೊಟ್ರು,” ಎಂದಳು ನಾದಿನಿ. “ನಾಲ್ಕು ಗಂಟೆಗೆ ಮೀಟಿಂಗ್ ಇದೆ. ತಪ್ಪು ಪೆಟ್ಟಿಗೆದೋ ಹಾಲ್‌ನ ವೈರಿಂಗ್‌ದೋ ಅಂತ ಬರೆಸ್ಕೊಂಡು ಬನ್ನಿ ಅಂದ್ರು ಮ್ಯಾನೇಜರ್. ಪೆಟ್ಟಿಗೆ ಸರಿ ಇದ್ರೆ ವೈರ್‌ಮನ್ ಇವತ್ತೇ ಮನೆಗೆ.”

“ನನ್ನ ಹತ್ರ ಬರೆಸ್ಕೊಂಡು ಬಾ ಅಂದ್ರಾ? ನಾನು ಅವನ ಅಕ್ಕ ಕಣಮ್ಮ.”

“ನಾನೂ ಅದನ್ನೇ ಕೇಳ್ದೆ. ಇಂಥದ್ದು ಬಿಚ್ಚೋರು ಊರಲ್ಲಿ ಇನ್ಯಾರೂ ಇಲ್ಲವಂತೆ. ಆ ವೈರ್‌ಮನ್ನೂ ಒಪ್ಪಿದ. ಸುತ್ತಕ್ಕ ಸುಳ್ಳು ಬರೆಯಲ್ಲ ಬಿಡಿ ಅಂದ.”

ಆ ವೈರ್‌ಮನ್ ಸುತ್ತಕ್ಕನಿಗೆ ಹೊಸಬನಲ್ಲ. ಹಾಲ್‌ನ ಸುಟ್ಟ ಫ್ಯಾನುಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದವನು ಅವನೇ. ವೈರಣ್ಣ ಎಂದು ಕರೆಯುತ್ತಿದ್ದಳು. ‘ಅರ್ಥಿಂಗ್ ಇಲ್ಲದ ಮನೆ, ಅರ್ಥ ಇಲ್ಲದ ಮಾತು, ಎರಡನ್ನೂ ಮುಟ್ಟಬಾರದು ಅಕ್ಕಾ’ ಎಂಬುದು ಅವನ ಹಳೇ ಜೋಕು. ಪ್ರತಿ ಸಲವೂ ಹೊಸದೆಂಬಂತೆ ಹೇಳಿ ತಾನೇ ನಗುತ್ತಿದ್ದ.

ನಾದಿನಿ ಸ್ಟೂಲ್ ಎಳೆದುಕೊಂಡು ಕೂತಳು. ಕೂತವಳು ನೆಲ ನೋಡುತ್ತ ಕೇಳಿದಳು. “ಒಂದು ಮಾತು ಕೇಳ್ತೀನಿ ಅತ್ತಿಗೆ, ಕೋಪ ಮಾಡ್ಕೋಬೇಡಿ. ಇದರ ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ನೀವಲ್ವಾ?”

“ಹೌದು. ಎರಡು ವರ್ಷ ಆಯ್ತು.”

“ಅದೇ ಕೆಟ್ಟಿದ್ರೆ? ಅವರಂತೂ ಅಕ್ಕ ಸುತ್ತಿದ್ದು ಕೆಡಲ್ಲ ಅಂತಾರೆ.”

“ಕೆಟ್ಟಿದ್ರೆ ಅವನ ಕೈ ಸುಟ್ಟಿದ್ದು ನಾನು ಅಂತ ಆಯ್ತು. ಅದೇ ತಾನೇ ನಿನ್ನ ಪ್ರಶ್ನೆ? ನೋಡೋಣ ಇರು.” ಧ್ವನಿಯೇನೋ ಗಟ್ಟಿಯಾಗಿಯೇ ಬಂತು, ಆದರೆ ಸ್ಕ್ರೂಡ್ರೈವರ್ ಹುಡುಕುವಾಗ ಅದು ಅವಳ ಕೈಯಲ್ಲೇ ಇತ್ತು.

ಹಿಂದಿನ ಮುಚ್ಚಳ ಬಿಚ್ಚಿದಳು. ಐದು ವಾಲ್ವ್‌ಗಳಲ್ಲಿ ಎರಡು ಒಡೆದಿದ್ದವು. ಗಾಜು ಆರಿಸಿ, ಉಳಿದ ಮೂರನ್ನು ಒಂದೊಂದಾಗಿ ಕಿತ್ತು ಬಟ್ಟೆಯಲ್ಲಿ ಸುತ್ತಿಟ್ಟಳು. ಭಾಗಗಳೆಲ್ಲ ಕೂತಿದ್ದ ತಗಡಿನ ತಟ್ಟೆಯನ್ನು ಹೊರಗೆಳೆದು ಮಗುಚಿ ಹಾಕಿದಳು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯಲ್ಲಿ ರೆಸಿಸ್ಟರ್ ಕಟ್ಟಿದ ಕಡ್ಡಿ ಹಿಡಿದು ದೊಡ್ಡ ಕೆಪ್ಯಾಸಿಟರ್‌ಗಳ ತಲೆಗೆ ಒಂದೊಂದಾಗಿ ತಾಗಿಸಿದಳು.

“ಎಂಟು ದಿನ ಆಯ್ತಲ್ಲ ಅತ್ತಿಗೆ, ಇನ್ನೂ ಕರೆಂಟು ಇರುತ್ತಾ?”

“ಇವು ಹಳೇ ಅತ್ತೆಯರಿದ್ದ ಹಾಗೆ. ಮರೆತುಬಿಟ್ಟಿದ್ದಾರೆ ಅಂದ್ಕೊಳ್ತೀವಿ, ಮನಸ್ಸಲ್ಲಿ ಇಟ್ಕೊಂಡೇ ಇರ್ತಾರೆ.”

ನಾದಿನಿ ನಕ್ಕಳು. ಎಂಟು ದಿನದಲ್ಲಿ ಮೊದಲ ನಗು ಇರಬೇಕು. “ಆ ಕೈಯನ್ನ ಯಾಕೆ ಹಿಂದೆ ಇಟ್ಕೊಂಡಿದ್ದೀರಿ?”

“ಅಪ್ಪ ಕಲಿಸಿದ್ದು. ಒಂದು ಕೈ ಕೆಲಸಕ್ಕೆ, ಒಂದು ಕೈ ಜೀವಕ್ಕೆ. ಎರಡೂ ಕೈ ಒಟ್ಟಿಗೆ ಒಳಗೆ ಹಾಕಬಾರದು.” ಹೇಳಿದ ಮೇಲೆ ತಮ್ಮನ ಎರಡು ಕೈ ನೆನಪಾದವು.

ಫ್ಯೂಸಿನ ಬಿರಡೆ ತಿರುಗಿಸಿ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದಳು. ಒಳಗಿನ ಎಳೆ ಇಡಿಯಾಗಿತ್ತು. ಇಷ್ಟೆಲ್ಲ ಆದರೂ ಫ್ಯೂಸ್ ಹೋಗಿಲ್ಲವೇ? ಹುಬ್ಬು ಗಂಟಿಕ್ಕಿ ಅದನ್ನು ಮೇಜಿನ ಮೂಲೆಯಲ್ಲಿಟ್ಟಳು. ಆಮೇಲೆ ಯೋಚಿಸೋಣ ಎಂದುಕೊಂಡಳು. ಸದ್ಯ ಅವಳ ಜೀವವೆಲ್ಲ ಟ್ರಾನ್ಸ್‌ಫಾರ್ಮರ್‌ನಲ್ಲಿತ್ತು.

ಅದು ಕರಿ ಬಣ್ಣ ಬಳಿದ ಕಬ್ಬಿಣದ ಗಟ್ಟಿ, ಎರಡು ಮುಷ್ಟಿ ಗಾತ್ರ. ಅದರೊಳಗೆ ಮೂರೂವರೆ ಸಾವಿರ ಸುತ್ತು. ಗೋಡೆಯ ಕರೆಂಟಿಗೆ ಒಂಬೈನೂರಿಪ್ಪತ್ತು, ಹೈವೋಲ್ಟೇಜಿಗೆ ಎರಡು ಭಾಗ, ಒಂದೊಂದು ಸಾವಿರದ ಇನ್ನೂರೆಂಬತ್ತು. ವಾಲ್ವ್‌ಗಳ ಕೆಂಡ ಹೊತ್ತಿಸಲು ಮೇಲಿಷ್ಟು ದಪ್ಪ ತಂತಿ. ಒಂದೊಂದು ಪದರಕ್ಕೂ ಕಾಗದ, ಒಂದೊಂದು ನೂರಕ್ಕೂ ಪೆನ್ಸಿಲ್ ಗೀಟು. ಅವಳು ಎಣಿಸುವಾಗ ಬೀದಿಯಲ್ಲಿ ಬೆಂಕಿ ಬಿದ್ದರೂ ಯಾರೂ ಕೂಗುವ ಹಾಗಿರಲಿಲ್ಲ. ಹನ್ನೊಂದು ದಿನದ ಕೆಲಸ ಅದು. ಅದರಲ್ಲಿ ತಪ್ಪು ಹುಡುಕಲು ಈಗ ಅವಳೇ ಕೂತಿದ್ದಳು.

ಹೈವೋಲ್ಟೇಜಿನ ತಂತಿಗಳ ಬೆಸುಗೆ ಬಿಡಿಸಿ ಮೀಟರ್ ಹಿಡಿದಳು. ಒಂದು ಭಾಗ ಅರವತ್ತೊಂದು ಓಮ್. ಇನ್ನೊಂದು ಅರವತ್ತೆಂಟು. ನಾದಿನಿಯೂ ಕತ್ತು ಚಾಚಿ ನೋಡುತ್ತಿದ್ದಳು.

“ಎರಡೂ ಸಮ ಇಲ್ವಲ್ಲ ಅತ್ತಿಗೆ! ನೀವೇ ಹೇಳಿದ್ರಿ, ಎರಡಕ್ಕೂ ಅಷ್ಟಷ್ಟೇ ಸುತ್ತು ಅಂತ.”

“ಸುತ್ತು ಅಷ್ಟೇ. ಎರಡನೇದು ಮೊದಲನೇದರ ಮೇಲೆ ಸುತ್ತಿರೋದು. ಹೊಟ್ಟೆ ಬಂದವನಿಗೆ ಬೆಲ್ಟು ಉದ್ದ ಬೇಕಾಗುತ್ತೆ, ಇಲ್ವಾ? ಹಾಗೆ. ತಂತಿ ಸ್ವಲ್ಪ ಉದ್ದ, ಅಷ್ಟೇ. ಇದು ಸರಿಯಾಗೇ ಇದೆ.”

ಇನ್ನು ಮೆಗ್ಗರ್. ಕೈಯಿಂದ ಹಿಡಿಕೆ ತಿರುಗಿಸುವ ಮರದ ಪೆಟ್ಟಿಗೆ ಅದು, ಅಪ್ಪನದು. ತಾಮ್ರದಿಂದ ತಗಡಿಗೆ ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ಹೇಳುವುದು ಅದರ ಕೆಲಸ. ಸೋರದಿದ್ದರೆ ಮುಳ್ಳು ಕೊನೆಯವರೆಗೆ ಹೋಗಿ ನಿಲ್ಲುತ್ತದೆ. ಸೋರುತ್ತಿದ್ದರೆ ಸೊನ್ನೆಯಲ್ಲೇ ಬಿದ್ದಿರುತ್ತದೆ. ಒಂದು ಕ್ಲಿಪ್ಪನ್ನು ಗೋಡೆಯ ಕರೆಂಟು ಬರುವ ಸುತ್ತಿಗೆ ಹಾಕಿದಳು, ಇನ್ನೊಂದನ್ನು ತಗಡಿಗೆ. ಉಸಿರು ಬಿಗಿಹಿಡಿದು ಹಿಡಿಕೆ ತಿರುಗಿಸಿದಳು.

ಮುಳ್ಳು ಅಲುಗಲಿಲ್ಲ.

ಇನ್ನೊಮ್ಮೆ ತಿರುಗಿಸಿದಳು, ಜೋರಾಗಿ. ಸೊನ್ನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಮೂವತ್ತು ವರ್ಷದ ಕೈ ಒಂದು ಮುಳ್ಳಿನ ಮುಂದೆ ಮಣ್ಣಾಗಿ ಹೋಯಿತು ಅನ್ನಿಸಿತು. ತಮ್ಮನ ಬ್ಯಾಂಡೇಜಿನ ಕೈ ಕಣ್ಣಮುಂದೆ ಬಂತು. ಆ ಕೈಗೆ ಚಿಕ್ಕವನಿದ್ದಾಗ ಬಳಪ ಹಿಡಿಯಲು ಕಲಿಸಿದ್ದು ಅವಳೇ.

“ಏನಾಯ್ತು? ಅತ್ತಿಗೆ, ಏನಾಯ್ತು ಹೇಳಿ!”

“ಸ್ವಲ್ಪ ಸುಮ್ಮನಿರೇ!” ಎಂದು ಗದರಿದಳು. ಎಂದೂ ಗದರಿದವಳಲ್ಲ. ನಾದಿನಿ ಬಾಯಿ ಮುಚ್ಚಿಕೊಂಡಳು.

ಸುತ್ತಕ್ಕ ಕಣ್ಣು ಮುಚ್ಚಿ ಒಂದು ನಿಮಿಷ ಕೂತಳು. ಅಪ್ಪ ಹೇಳುತ್ತಿದ್ದ ಮಾತೊಂದು ತಲೆಗೆ ಬಂತು: ‘ಬಿಡಿಸದೆ ಅಳೆದರೆ ಊರ ರೋಗವೆಲ್ಲ ಒಬ್ಬನ ತಲೆಗೆ.’ ಕಣ್ಣು ತೆರೆದು ನೋಡಿದಳು. ಅಯ್ಯೋ ಮರುಳೇ! ಹೈವೋಲ್ಟೇಜಿನ ಕಡೆ ಬಿಡಿಸಿದ್ದಳೇ ಹೊರತು ಗೋಡೆಯ ಕರೆಂಟಿನ ಕಡೆ ಬಿಡಿಸಿಯೇ ಇರಲಿಲ್ಲ. ಆ ಎರಡು ತಂತಿಗಳು ಇನ್ನೂ ಸ್ವಿಚ್ಚಿಗೆ ಅಂಟಿಕೊಂಡಿದ್ದವು. ಹೊಸದಾಗಿ ಕೆಲಸ ಕಲಿಯುವವರು ಮಾಡುವ ತಪ್ಪು ಅದು. ಬೆಸುಗೆಯ ಕಾದ ಕಾವುಗೋಲಿನಿಂದ ಎರಡನ್ನೂ ಬಿಡಿಸಿದಳು. ಕ್ಲಿಪ್ಪು ಹಾಕಿದಳು. ತಿರುಗಿಸಿದಳು.

ಮುಳ್ಳು ಎದ್ದು ಸರಸರ ನಡೆದು ಕೊನೆಗೆ ಹೋಗಿ ನಿಂತಿತು. ಮೂರು ಸಲ ತಿರುಗಿಸಿದಳು, ಮೂರು ಸಲವೂ ಅಷ್ಟೇ.

ಹಾಗಾದರೆ ಸೋರುತ್ತಿದ್ದದ್ದು ಯಾವುದು? ಸ್ವಿಚ್ಚಿನಿಂದ ತಗಡಿಗೆ ಬೆಸೆದಿದ್ದ ಒಂದು ಕೆಪ್ಯಾಸಿಟರ್. ಬೆರಳಿನ ಗೆಣ್ಣಿನಷ್ಟು, ಕಂದು ಬಣ್ಣ, ಪೆಟ್ಟಿಗೆಯಷ್ಟೇ ಹಳೆಯದು. ಮೆಗ್ಗರ್ ಅದಕ್ಕೆ ಹಿಡಿದಾಗ ಮುಳ್ಳು ಸೊನ್ನೆಗೆ ಬಿತ್ತು. ಅದರ ಹೊಟ್ಟೆ ಸುಟ್ಟು, ಗೋಡೆಯ ಕರೆಂಟನ್ನು ನೇರವಾಗಿ ತಗಡಿಗೆ, ತಗಡಿನಿಂದ ಗಿಟಾರಿನ ತಂತಿಗೆ ದಾಟಿಸಿತ್ತು. ಎರಡು ವರ್ಷದ ಹಿಂದೆ ಅದನ್ನು ಕಿತ್ತುಹಾಕುತ್ತೇನೆ ಎಂದಾಗ ತಮ್ಮ, ‘ಹಳೇದು ಹಾಗೇ ಇರಲಿ ಅಕ್ಕಾ, ದನಿ ಬದಲಾಗಿಬಿಟ್ರೆ?’ ಎಂದು ಗೋಗರೆದಿದ್ದ. ದನಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಅವಳು ಬಿಟ್ಟಿದ್ದಳು, ಹೇಗೂ ಹೊಸ ಮೂರು ಎಳೆಯ ಕೇಬಲ್ ಹಾಕಿ ಅರ್ಥಿಂಗ್ ಕೊಟ್ಟಿದ್ದೇನಲ್ಲ ಎಂಬ ಧೈರ್ಯದಿಂದ. ಅರ್ಥಿಂಗ್ ಇದ್ದರೆ ಕರೆಂಟು ತಗಡಿಗೆ ಬಂದ ಕ್ಷಣವೇ ಫ್ಯೂಸ್ ಹಾರಿ ಎಲ್ಲ ನಿಲ್ಲುತ್ತದೆ.

ಆ ಯೋಚನೆ ಮುಗಿಯುವ ಮೊದಲೇ ನಾದಿನಿ ಕೇಳಿದಳು. “ಟ್ರಾನ್ಸ್‌ಫಾರ್ಮರ್ ಹೇಗಿದೆ?”

“ಇನ್ನೊಂದು ಪರೀಕ್ಷೆ ಇದೆ. ಇದು ನಿನಗೂ ತಿಳಿಯುತ್ತೆ, ನೋಡು.” ಗೋಡೆಯ ಸೀರೀಸ್ ಬೋರ್ಡಿನಲ್ಲಿ ಅರವತ್ತರ ಬಲ್ಬು ಹಾಕಿ ಟ್ರಾನ್ಸ್‌ಫಾರ್ಮರ್‌ಗೆ ಜೋಡಿಸಿದಳು. “ಕರೆಂಟು ಮೊದಲು ಈ ಬಲ್ಬು ದಾಟಿ ಆಮೇಲೆ ಒಳಗೆ ಹೋಗುತ್ತೆ. ಒಳಗೆ ಸುತ್ತುಗಳು ಒಂದಕ್ಕೊಂದು ತಾಗಿ ಸತ್ತಿದ್ರೆ ಬಲ್ಬು ಜಗ್ಗನೆ ಉರಿಯುತ್ತೆ. ಬದುಕಿದ್ರೆ ಮಂಕಾಗುತ್ತೆ.”

ಸ್ವಿಚ್ ಒತ್ತಿದಳು. ಬಲ್ಬು ಫಳ್ಳೆಂದಿತು. ನಾದಿನಿ “ಅಯ್ಯೋ!” ಎಂದಳು. ಆದರೆ ಆ ಕೂಗು ಮುಗಿಯುವಷ್ಟರಲ್ಲಿ ಬೆಳಕು ಕುಗ್ಗಿ, ಒಳಗಿನ ಎಳೆ ಮಾತ್ರ ಕೆಂಪಗೆ ಉಳಿಯಿತು. ಇಬ್ಬರೂ ರೆಪ್ಪೆ ಬಡಿಯದೆ ಅದನ್ನೇ ನೋಡಿದರು. ಎಳೆ ಕೆಂಪಾಗಿಯೇ ಇತ್ತು. ಆಮೇಲೆ ಬಲ್ಬು ತೆಗೆದು ನೇರ ಕರೆಂಟು ಕೊಟ್ಟು, ಒಂದು ಕೈ ಬೆನ್ನ ಹಿಂದಿಟ್ಟು ಅಳೆದಳು. ಆ ಕಡೆ ಮುನ್ನೂರಿಪ್ಪತ್ತೆರಡು ವೋಲ್ಟ್, ಈ ಕಡೆ ಮುನ್ನೂರಿಪ್ಪತ್ತೆರಡು. ಒಂದು ಸುತ್ತೂ ತಪ್ಪಿರಲಿಲ್ಲ. ಹತ್ತು ನಿಮಿಷ ಹಾಗೇ ಬಿಟ್ಟು, ಕರೆಂಟು ತೆಗೆದು ಕಬ್ಬಿಣದ ಮೇಲೆ ಅಂಗೈ ಇಟ್ಟಳು. ಬೆಚ್ಚಗಾಗಿತ್ತು, ಅಷ್ಟೇ.

“ಚೆನ್ನಾಗಿದೆ,” ಎಂದಳು. ಮುಂಗೈಯಿಂದ ಕಣ್ಣೊರೆಸಿಕೊಂಡಳು.

ನಾದಿನಿ ಸ್ಟೂಲಿನಿಂದ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. “ನನಗೆ ಗೊತ್ತಿತ್ತು! ಕ್ಷಮಿಸಿಬಿಡಿ ಅತ್ತಿಗೆ, ನಿಮ್ಮ ಮೇಲೆ ಅನುಮಾನ ಪಟ್ಟೆ. ಹಾಗಾದ್ರೆ ಆ ವೈರ್‌ಮನ್ನೇ! ನಿಯತ್ತಿನವನ ಹಾಗೆ ಆಸ್ಪತ್ರೆಗೆ ಬೇರೆ ಬಂದು ಕಣ್ಣೀರು ಹಾಕಿ ಹೋದ. ಬರೆದುಕೊಡಿ, ಬೇಗ ಬರೆದುಕೊಡಿ. ಮೂರೂವರೆ ಆಯ್ತು. ನಾನು ಅವರಿಗೆ ಫೋನ್ ಮಾಡಿ ಹೇಳ್ತೀನಿ.” ಫೋನ್ ಹಿಡಿದು ಮೆಟ್ಟಿಲಿಗೆ ಹೋದಳು.

ಸುತ್ತಕ್ಕ ಅಂಗಡಿಯ ಹಾಳೆ ತೆಗೆದು ‘ಟ್ರಾನ್ಸ್‌ಫಾರ್ಮರ್ ಸರಿಯಾಗಿದೆ’ ಎಂದು ಬರೆದಳು. ನಿಜವಾದ ಮಾತು. ಪೆನ್ನು ಎತ್ತುವಾಗ ಮೇಜಿನ ಮೂಲೆಯ ಫ್ಯೂಸ್ ಕಣ್ಣಿಗೆ ಬಿತ್ತು.

ಕೆಪ್ಯಾಸಿಟರ್ ಸುಟ್ಟಿದೆ. ಕರೆಂಟು ತಗಡಿಗೆ ಬಂದಿದೆ. ಹಾಗಾದರೆ ಇದು ಹಾರಬೇಕಿತ್ತು. ಹಾರಲಿಲ್ಲ ಎಂದರೆ ಅರ್ಥಿಂಗ್ ಇರಲಿಲ್ಲ. ಹಾಲ್‌ನ ಗೋಡೆಯಲ್ಲಿ ಇರಲಿಲ್ಲ, ಇಲ್ಲವೇ ಈ ಪೆಟ್ಟಿಗೆಯಲ್ಲಿ ಇರಲಿಲ್ಲ. ಆ ಹೊತ್ತಿನಲ್ಲಿ ಸುತ್ತಕ್ಕ ಮನಸ್ಸಿನಲ್ಲೇ ಬೇಡಿಕೊಂಡದ್ದು ವೈರಣ್ಣನ ಗೋಡೆಯದೇ ತಪ್ಪಾಗಿರಲಿ ಎಂದು. ಒಳ್ಳೆಯವಳೇ ಅವಳು, ಆದರೂ ಹಾಗೆ ಬೇಡಿಕೊಂಡಳು. ಮುಚ್ಚಿಡುವುದೇಕೆ?

ಮೀಟರ್‌ನ ಒಂದು ಕಡ್ಡಿಯನ್ನು ಪ್ಲಗ್ಗಿನ ಅರ್ಥ್ ಪಿನ್ನಿಗೆ, ಇನ್ನೊಂದನ್ನು ತಗಡಿಗೆ ಹಿಡಿದಳು. ಜೋಡಣೆ ಇದ್ದರೆ ಮೀಟರ್ ಕುಯ್ಯೆನ್ನಬೇಕು. ಅನ್ನಲಿಲ್ಲ. ಇನ್ನೊಂದು ಕಡೆ ಕೆರೆದು ಹಿಡಿದಳು. ಮೀಟರ್ ಮೂಕವಾಗಿಯೇ ಇತ್ತು.

ಕೇಬಲ್ ಒಳಗೆ ಬರುವ ಜಾಗದಲ್ಲಿ ತಂತಿಗಳ ಕಟ್ಟನ್ನು ಸರಿಸಿ ಟಾರ್ಚ್ ಬಿಟ್ಟಳು. ಹಸಿರು ತಂತಿ ಇತ್ತು. ತಗಡಿಗೆ ಬಿಗಿದ ಕಿವಿಯಂಥ ಪಟ್ಟಿಗೆ ಅದನ್ನು ಸುತ್ತಲಾಗಿತ್ತು. ಮೂರು ಸುತ್ತು, ಒಂದರ ಪಕ್ಕ ಒಂದು, ಅಂದವಾಗಿ, ಅವಳೇ ಸುತ್ತುವ ಹಾಗೆ. ಬೆಸುಗೆ ಇರಲಿಲ್ಲ. ತಾಮ್ರ ಕಪ್ಪಾಗಿ, ಸಡಿಲವಾಗಿ, ಪಟ್ಟಿಗೆ ತಾಗಿಯೂ ತಾಗದಂತೆ ಜೋತಿತ್ತು.

ಎಲ್ಲ ನೆನಪಾಯಿತು. ಅದೇ ಕೊನೆಯ ತಂತಿ. ಬೇರೆಯವರಾಗಿದ್ದರೆ ಕಿವಿಗೆ ತೂರಿಸಿ ತಟ್ಟನೆ ಬೆಸುಗೆ ಹಾಕುತ್ತಿದ್ದರು. ಅವಳು ಸುತ್ತುವವಳಲ್ಲವೇ, ಕೈ ತಾನಾಗಿಯೇ ಮೂರು ಸುತ್ತು ಸುತ್ತಿತು. ಕಾವುಗೋಲು ಎತ್ತಿಕೊಳ್ಳಬೇಕು, ಅಷ್ಟರಲ್ಲಿ ತಾಳ್ಮೆ ಇಲ್ಲದ ತಮ್ಮ ಸ್ವಿಚ್ ಹಾಕಿ ಗಿಟಾರ್ ಚುಚ್ಚಿ ನುಡಿಸಿಯೇಬಿಟ್ಟಿದ್ದ. ಒಂದು ವರ್ಷ ಮೂಕವಾಗಿದ್ದ ಪೆಟ್ಟಿಗೆ ಹಾಡಿತು. ಅಪ್ಪ ತಂತಿ ಸುತ್ತುವಾಗ ಶಿಳ್ಳೆ ಹಾಕುತ್ತಿದ್ದ ರಾಗವನ್ನೇ ಅವನು ನುಡಿಸಿದ್ದು. ಅಕ್ಕ ತಮ್ಮ ಇಬ್ಬರೂ ಅತ್ತು, ನಕ್ಕು, ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಆ ಖುಷಿಯಲ್ಲಿ ಅವನು ಮುಚ್ಚಳ ಹಾಕಿದ. ಅವಳು ಕಾವುಗೋಲು ಆರಿಸಿದಳು. ಅರ್ಥಿಂಗ್ ಇಲ್ಲದಿದ್ದರೂ ಪೆಟ್ಟಿಗೆ ಹಾಡುತ್ತದೆ, ಎರಡು ವರ್ಷ ಬೇಕಾದರೂ ಹಾಡುತ್ತದೆ. ಎಲ್ಲ ಬಣ್ಣ ಮಸಿ ನುಂಗಿತು ಎಂಬಂತೆ ಆ ಮೂರೂವರೆ ಸಾವಿರ ಸುತ್ತನ್ನು ಈ ಮೂರು ಸುತ್ತು ನುಂಗಿಹಾಕಿತ್ತು.

ಕಾವುಗೋಲು ಇನ್ನೂ ಬಿಸಿಯಾಗಿತ್ತು.

ನಾದಿನಿ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತು ಗಂಡನೊಡನೆ ಮಾತಾಡುತ್ತಿದ್ದಳು. “ಚೆನ್ನಾಗಿದೆಯಂತೆ ರೀ! ಅಕ್ಕ ಅಳ್ತಿದ್ರು ಖುಷಿಗೆ.” ಹತ್ತು ಸೆಕೆಂಡಿನ ಕೆಲಸ. ಒಂದು ಹನಿ ಸೀಸ ಬಿದ್ದರೆ ಮೀಟರ್ ಕುಯ್ಯೆನ್ನುತ್ತದೆ, ಯಾರು ಬೇಕಾದರೂ ಬಂದು ಅಳೆಯಲಿ. ಪ್ರಪಂಚದಲ್ಲಿ ಇದನ್ನು ಕಂಡವಳು ಅವಳೊಬ್ಬಳೇ. ಸುತ್ತಕ್ಕ ಕಾವುಗೋಲು ಎತ್ತಿಕೊಂಡಳು. ಇನ್ನೊಂದು ಕೈಯಲ್ಲಿ ಬೆಸುಗೆಯ ತಂತಿ ಹಿಡಿದಳು. ಬೆನ್ನ ಹಿಂದೆ ಇರಬೇಕಾದ ಕೈ ಅದು. ತುದಿಯನ್ನು ಹಸಿರು ತಂತಿಯ ಹತ್ತಿರಕ್ಕೆ ತಂದಳು. ಕೂದಲೆಳೆಯಷ್ಟು ದೂರ. ತುದಿಗೆ ಅಂಟಿದ ರಾಳ ಸಣ್ಣಗೆ ಹೊಗೆಯಾಡಿತು.

“ಸುತ್ತಕ್ಕಾ.”

ಬಾಗಿಲಲ್ಲಿ ವೈರಣ್ಣ ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಅಂಗಿ, ಮೀಟಿಂಗಿಗೆಂದು. ಅವಳು ಕಾವುಗೋಲನ್ನು ಹಿಂದಕ್ಕೆಳೆದುಕೊಂಡಳು.

“ಟ್ರಾನ್ಸ್‌ಫಾರ್ಮರ್ ಹೇಗಿದೆ?”

ಅವಳು ಬಾಯಿ ತೆರೆಯುವ ಮೊದಲೇ ನಾದಿನಿ ಫೋನ್ ಕೈಯಲ್ಲೇ ಹಿಡಿದು ಎದ್ದು ಬಂದಳು. “ಚೆನ್ನಾಗಿದೆ! ಓದ್ಕೊಳ್ಳಿ, ಅತ್ತಿಗೆ ಬರೆದಿದ್ದಾರೆ.”

ವೈರಣ್ಣ ಹಾಳೆ ತೆಗೆದುಕೊಂಡು ಓದಿದ. ಒಂದೇ ಸಾಲು, ಆದರೂ ಬಹಳ ಹೊತ್ತು ಓದಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂದು ಅವನು ಕೂಗಾಡಿದ್ದರೆ ಸುತ್ತಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೂಗಾಡಲಿಲ್ಲ. ಹಾಳೆಯನ್ನು ಮೆಲ್ಲನೆ ಮೇಜಿನ ಮೇಲಿಟ್ಟ.

“ನೀವು ಬರೆದಿದ್ದೀರಿ ಅಂದ್ರೆ ಸರಿ ಅಕ್ಕ. ಹಾಗಾದ್ರೆ ನನ್ನದೇ ಎಲ್ಲೋ ತಪ್ಪಿದೆ. ಗೋಡೆ ಪಾಯಿಂಟೆಲ್ಲ ಮೂರು ಸಲ ಬಿಚ್ಚಿ ನೋಡ್ದೆ, ನನಗೆ ಸಿಗಲಿಲ್ಲ. ವಯಸ್ಸಾಯ್ತು, ಕಣ್ಣಿಗೆ ಕಾಣಲಿಲ್ಲವೇನೋ.” ನಾದಿನಿಯ ಕಡೆ ತಿರುಗಿ ಕೈ ಜೋಡಿಸಿದ. “ನಿಮ್ಮ ಯಜಮಾನರಿಗೆ ಹೇಳಿ ತಾಯಿ, ಬೇಕು ಅಂತ ಮಾಡಿದ್ದಲ್ಲ.”

ಇಂಥ ನಂಬಿಕೆಯ ಮುಂದೆ ಸುತ್ತಕ್ಕನಿಗೆ ನಿಲ್ಲಲಾಗಲಿಲ್ಲ. ಕಾವುಗೋಲನ್ನು ಸ್ಟ್ಯಾಂಡಿಗೆ ಹಾಕಿದಳು.

“ವೈರಣ್ಣ, ಇಲ್ಲಿ ಬಾ. ಈ ಟಾರ್ಚ್ ಹಿಡಿ. ಅಲ್ಲಿ, ಹಸಿರು ತಂತಿ. ಎಳೆದು ನೋಡು.”

ಅವನು ಬಗ್ಗಿ, ಉಗುರಿನಿಂದ ಮೆಲ್ಲಗೆ ಎಳೆದ. ಮೂರು ಸುತ್ತೂ ಬೆರಳಿನ ಉಂಗುರದಂತೆ ಕಳಚಿಕೊಂಡು ಬಂದವು. ಅವನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ತಲೆ ಎತ್ತಿದಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

“ಬೆಸುಗೆ?”

“ಹಾಕಿಲ್ಲ.”

“ಯಾರು ಅಕ್ಕ ಇದನ್ನ…”

“ನಾನೇ.”

ನಾದಿನಿ ಇಬ್ಬರ ಮುಖವನ್ನೂ ನೋಡಿದಳು. “ಏನದು? ನನಗೊಂದೂ ಅರ್ಥ ಆಗ್ತಿಲ್ಲ. ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ ಅಂದ್ರಲ್ಲ!”

“ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ ಕಣಮ್ಮ. ಒಂದು ಹಳೇ ಕೆಪ್ಯಾಸಿಟರ್ ಸುಟ್ಟು ಕರೆಂಟು ತಗಡಿಗೆ ಬಂತು. ಬಂದ ತಕ್ಷಣ ಈ ತಂತಿ ಅದನ್ನ ಭೂಮಿಗೆ ಕಳಿಸಿ ಫ್ಯೂಸ್ ಹಾರಿಸಬೇಕಿತ್ತು. ನಾನು ಇದಕ್ಕೆ ಬೆಸುಗೆ ಹಾಕೋದು ಮರೆತೆ. ಅದಕ್ಕೇ ಅವನ ಕೈ ದಾರಿಯಾಯ್ತು. ವೈರಣ್ಣನದೇನೂ ತಪ್ಪಿಲ್ಲ. ನನ್ನದು.”

ನಾದಿನಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದ ಮೇಲೆ ಅವಳು ಕಿರುಚಿದಳು. “ಎಂಟು ದಿನ! ಎಂಟು ದಿನ ಅವರ ಪಕ್ಕ ಕೂತು ತುತ್ತು ಮಾಡಿ ತಿನ್ನಿಸಿದ್ರಲ್ಲ! ಇದೇ ಕೈಯಿಂದ! ಈಗ ನಾನು ಕೇಳ್ದಾಗಲೂ ಚೆನ್ನಾಗಿದೆ ಅಂದ್ರಲ್ಲ!” ಮಾತು ಮುಂದಕ್ಕೆ ಬರದೆ ಸ್ಟೂಲಿನ ಮೇಲೆ ಕುಸಿದು ಅತ್ತಳು. ಅವಳ ಕೈಯಲ್ಲಿದ್ದ ಫೋನಿನಿಂದ ಸಣ್ಣದೊಂದು ದನಿ ಬರುತ್ತಲೇ ಇತ್ತು. ಅವಳು ಫೋನ್ ಇಟ್ಟಿರಲೇ ಇಲ್ಲ.

ಸುತ್ತಕ್ಕ ಕೈ ಚಾಚಿ ಅದನ್ನು ತೆಗೆದುಕೊಂಡಳು. “ಕೇಳಿಸ್ತೇನೋ?”

“ಕೇಳಿಸ್ತು ಅಕ್ಕ,” ಎಂದ ತಮ್ಮ. “ಮುಚ್ಚಳ ಹಾಕಿದ್ದು ನಾನಲ್ವಾ ಅವತ್ತು?”

“ಮುಚ್ಚಳದ್ದೇನೂ ತಪ್ಪಿಲ್ಲ ಕಣೋ.”

ಸುತ್ತಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಬೈದರೆ ಬೈಯಲಿ ಎಂದು ಕಾಯುತ್ತಿದ್ದಳು.

“ನಾಳೆ ಬೆಳಿಗ್ಗೆ ಬರಬೇಡ ಅಕ್ಕ,” ಎಂದ ಅವನು. “ಒಂದಷ್ಟು ದಿನ ಬರಬೇಡ. ಆಮೇಲೆ… ನಾನೇ ಹೇಳಿ ಕಳಿಸ್ತೀನಿ.”

“ಆಯ್ತು,” ಎಂದಳು. ಫೋನನ್ನು ನಾದಿನಿಯ ಮಡಿಲಲ್ಲಿಟ್ಟಳು. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ‘ಟ್ರಾನ್ಸ್‌ಫಾರ್ಮರ್ ಸರಿಯಾಗಿದೆ’ ಎಂಬುದರ ಕೆಳಗೆ ‘ಅರ್ಥಿಂಗ್ ತಂತಿಗೆ ಬೆಸುಗೆ ಹಾಕಿಲ್ಲ. ಹಾಲ್‌ನ ವೈರಿಂಗ್ ತಪ್ಪಲ್ಲ. ಹಾಕಬೇಕಾಗಿದ್ದವಳು ನಾನು’ ಎಂದು ಬರೆದಳು. ಅದರ ಕೆಳಗೆ ಸುತ್ತಕ್ಕ ಎಂದು ಬರೆಯಲಿಲ್ಲ. ಬ್ಯಾಂಕಿನವರಿಗೆ ಮಾತ್ರ ಗೊತ್ತಿದ್ದ ಹೆಸರನ್ನು ಪೂರ್ತಿಯಾಗಿ, ಅಪ್ಪನ ಹೆಸರನ್ನೂ ಸೇರಿಸಿ ಬರೆದಳು.

ಕಾವುಗೋಲಿನ ಪ್ಲಗ್ ಕಿತ್ತಳು. ತಗಡಿನ ತಟ್ಟೆಯನ್ನು ಪೆಟ್ಟಿಗೆಗೆ ಸೇರಿಸಿದಳು, ಹಸಿರು ತಂತಿ ಕಳಚಿದ್ದು ಕಳಚಿದ ಹಾಗೇ ಕಾಣುವಂತೆ. ಮುಚ್ಚಳ ಹಾಕಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾದಿನಿ ತಲೆ ಎತ್ತಲಿಲ್ಲ. ವೈರಣ್ಣ ಪೆಟ್ಟಿಗೆ ಎತ್ತಲು ಎಡಗಡೆಗೆ ಬಂದು ಬಗ್ಗಿದ.

“ಆ ಕಡೆ ಹೋಗು ವೈರಣ್ಣ,” ಎಂದಳು ಅವಳು. “ಇದು ಭಾರದ ಕಡೆ. ನಾನು ಹಿಡೀತೀನಿ.”